ಅಕ್ಕನ ಸರದಿ

ಫ್ರೆಂಚ್ ಭಾಷೆಯಲ್ಲಿ ಕ್ರಿಯಾಪದದ ಒಂದು ರೂಪವಿದೆ. ಅದನ್ನು ಆ ಭಾಷೆಯವರೇ ಆಡುವುದು ಬಿಟ್ಟು ಎಷ್ಟೋ ಕಾಲವಾಯಿತು. ಹಳೆಯ ಪುಸ್ತಕಗಳಲ್ಲಿ ಸಿಗುತ್ತದೆ, ಅಂಗಡಿಯಲ್ಲಿ ಆಡಿದರೆ ಅಂಗಡಿಯವನು ನಗುತ್ತಾನೆ. ‘ಹೀಗಾಗಲಿ ಅಂತ ಆಗ ಅಂದುಕೊಂಡಿದ್ದೆ’ ಎನ್ನುವಂಥ ಮಾತಿಗೆ, ಅಂದರೆ ಹಿಂದೆಂದೋ ಪಟ್ಟ ಆಸೆಗೆ, ಹಿಂದೆಂದೋ ಪಟ್ಟ ಭಯಕ್ಕೆ ಆ ರೂಪ. ಅಂಥದ್ದನ್ನು ಹಿಡಿದುಕೊಂಡು ಅಕ್ಕ ತಲೆ ನರೆಯುವ ತನಕ ಪಾಠ ಮಾಡಿದಳು ಎಂದರೆ ಆಕೆ ಎಂಥ ಹಟಮಾರಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

“ಯಾರೂ ಆಡಲ್ಲ ಅಂತೀರಿ. ಅದಕ್ಕೇ ನಾವಾದ್ರೂ ಆಡಬೇಕು,” ಎನ್ನುತ್ತಿದ್ದಳು.

ಮನೆಯ ಮುಂದಿನ ಕೋಣೆಯೇ ಪಾಠಶಾಲೆ. ಒಂದು ಉದ್ದನೆಯ ಮೇಜು, ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆಗೆ ಒಂದು ಕಪ್ಪು ಹಲಗೆ. ಬೀದಿಯವರೆಲ್ಲ ಆಕೆಯನ್ನು ಫ್ರೆಂಚಕ್ಕ ಎನ್ನುತ್ತಿದ್ದರು. ಹಿಂದಿನ ಕೋಣೆ ತಂಗಿಯದು. ತಂಗಿ ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಬೇಕು, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಬೇಕು, ಮೇಲಿನದು ಕೆಳಗಿನದು ಕಚ್ಚಿದಾಗ ಕೂದಲೆಳೆಯಷ್ಟೂ ಸಂದು ಬಿಡದಂತೆ ಉಜ್ಜಬೇಕು. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲೆಲ್ಲ ಬಿಳಿ ಪುಡಿ. ಪಾಠಕ್ಕೆ ಬರುವವರು ಅವಳನ್ನು ಹಲ್ಲಾಂಟಿ ಎಂದು ಕರೆಯುತ್ತಿದ್ದರು. ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. “ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ನಾನು ಎರಡನೇ ಜಾತಿಯವರಿಂದ ಬದುಕೋಳು,” ಎಂದು ನಗುತ್ತಿದ್ದಳು.

ಇಬ್ಬರೂ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಅಕ್ಕನ ಬಳಿ ಉತ್ತರ ಸಿದ್ಧವಿತ್ತು: “ನೋಡೋಕೆ ಬಂದ ಗಂಡುಗಳಲ್ಲಿ ಒಬ್ಬನೂ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಲಿಲ್ಲ.” ಇಬ್ಬರ ನಡುವೆ ಹುಟ್ಟಿದವನು ಅಣ್ಣ. ಲಿಫ್ಟ್ ರಿಪೇರಿ ಕೆಲಸ, ಎರಡು ಬೀದಿಯಾಚೆ ಸಂಸಾರ. ಮಾತಿಗೆ ಮುಂಚೆ ಉಪಾಯ ಹುಡುಕುವ ಜಾತಿ ಅವನದು. ಕೆಟ್ಟವನಲ್ಲ, ಆದರೆ ಕೆಟ್ಟು ನಿಂತ ಯಾವುದನ್ನೂ ಕೆಟ್ಟು ನಿಂತಂತೆಯೇ ನೋಡುತ್ತ ಕೂರಲು ಅವನಿಂದ ಆಗದು.

ಆ ಕ್ರಿಯಾಪದವನ್ನು ಅಕ್ಕ ಸರಪಳಿ ಕಟ್ಟಿ ಹೇಳಿಸುತ್ತಿದ್ದಳು. ಪಾಠದ ಕೊನೆಗೆ ಎಲ್ಲರೂ ಪುಸ್ತಕ ಮುಚ್ಚಬೇಕು. ಅಕ್ಕ ‘ಕ ಜ ಫ್ಯೂಸ್’ ಎಂದು ಶುರುಮಾಡುವಳು, ಅದು ‘ನಾನು’ ಎನ್ನುವುದಕ್ಕೆ. ಪಕ್ಕದವರು ‘ಕ ತ್ಯು ಫ್ಯೂಸ್’ ಎಂದು ‘ನೀನು’ ಹೇಳಬೇಕು. ಅವರಾಚೆಯವರು ‘ಕಿಲ್ ಫ್ಯೂ’ ಎಂದು ‘ಅವನು’ ಹೇಳಬೇಕು. ಹೀಗೆ ನಾವು, ನೀವು, ಅವರು ಎಂದು ಮಾತು ಮೇಜಿನ ಸುತ್ತ ಕೈಯಿಂದ ಕೈಗೆ ದಾಟಿದಂತೆ ದಾಟಬೇಕು. ಒಂದು ಕ್ರಿಯಾಪದ ಮುಗಿದರೆ ಇನ್ನೊಂದು. ಅವುಗಳಲ್ಲೊಂದು ‘ಕ ಜ್ಯೂಸ್’ ಎಂದು ಶುರುವಾಗುತ್ತಿತ್ತು. ಪಕ್ಕದ ಮನೆಯಾಕೆ ಕಿಟಕಿಯಿಂದ ಕೇಳಿಸಿಕೊಂಡು, ಪಾಠಕ್ಕೆ ಬಂದವರಿಗೆಲ್ಲ ಫ್ರೆಂಚಕ್ಕ ದಿನಾ ಜ್ಯೂಸ್ ಕೊಡುತ್ತಾಳೆಂದು ಬಹಳ ಕಾಲ ನಂಬಿದ್ದಳು.

ಸರಪಳಿಗೆ ಒಂದೇ ಕಟ್ಟುಪಾಡು. ತನ್ನ ಸರದಿಯಲ್ಲಿ ಯಾರಿಗಾದರೂ ಮಾತು ಬರದೆ ಹೋದರೆ ಇನ್ನೊಬ್ಬರು ಎತ್ತಿಕೊಡಬಾರದು. ತುಟಿ ಅಲ್ಲಾಡಿಸಬಾರದು, ಸನ್ನೆ ಮಾಡಬಾರದು, ಕೆಮ್ಮಬಾರದು. ತಪ್ಪು ಹೇಳಿದರೂ ಅಷ್ಟೇ, ಮುಂದಿನವರು ಸರಪಳಿಯನ್ನು ಮುಂದೆ ಎಳೆಯದೆ ಕಾಯಬೇಕು. ಹೇಳಬೇಕಾದವರು ತಾವೇ ಹುಡುಕಿ ತರುವ ತನಕ ಕೋಣೆಯಲ್ಲಿ ಪಿಟ್ಟೆನ್ನುವಂತಿಲ್ಲ. “ಬಾಯಿಗೆ ಬರದೆ ಇದ್ರೂ ಒಳಗೆ ಇರುತ್ತೆ. ಬರೋಕೆ ದಾರಿ ಬಿಡಿ,” ಎನ್ನುತ್ತಿದ್ದಳು ಅಕ್ಕ. ನಿವೃತ್ತರಾದ ಜಡ್ಜ್ ಸಾಹೇಬರು ಒಮ್ಮೆ ಒಂದು ರೂಪಕ್ಕೆ ತಡಕಾಡಿ, ಎಲ್ಲರ ಚಹಾ ಆರಿ ಕೆನೆಗಟ್ಟಿದ ಮೇಲೆ ಅದನ್ನು ಹೇಳಿದ್ದರು. ತಾನು ಎಷ್ಟೋ ಜನರಿಗೆ ಶಿಕ್ಷೆ ಕೊಟ್ಟಿದ್ದೇನೆ, ಇಂಥ ಶಿಕ್ಷೆ ಇದೆಯೆಂದು ಮಾತ್ರ ಗೊತ್ತಿರಲಿಲ್ಲ ಎಂದು ಬೆವರು ಒರೆಸಿಕೊಂಡಿದ್ದರು. ತಂಗಿಗೂ ಈ ಕಟ್ಟುಪಾಡು ತಪ್ಪಿದ್ದಲ್ಲ. ಮನೆಯೊಳಗೆ ಹೋಗಲು ಮುಂದಿನ ಕೋಣೆಯನ್ನು ದಾಟಿಯೇ ಹೋಗಬೇಕು. ಕೋಣೆ ಮೌನವಾಗಿದ್ದರೆ ಅವಳು ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಆ ಸಂಜೆಯೂ ಹಾಗೆಯೇ ನಿಂತಳು.

ಮೇಜಿನ ಸುತ್ತ ಜಡ್ಜ್ ಸಾಹೇಬರು, ಹೋಟೆಲಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ಹೆಂಗಸು, ಸೆಂಟು ಮಾರುವ ಏಜೆಂಟ್, ಮೂವರೂ ತಮ್ಮ ತಮ್ಮ ಕೈಗಳನ್ನು ನೋಡುತ್ತ ಕೂತಿದ್ದರು. ಸರಪಳಿ ಒಂದು ಸುತ್ತು ಬಂದು ಅಕ್ಕನ ಬಳಿ ನಿಂತಿತ್ತು. ‘ನೀವು’ ಎನ್ನುವುದಕ್ಕೆ ಅಕ್ಕನ ಸರದಿ. ಅಕ್ಕ ಹೇಳುತ್ತಿಲ್ಲ. ಮದಾಮ್‌ಗೇ ಮರೆವೇ, ಇದೇನೋ ಹೊಸ ಪರೀಕ್ಷೆ ಇರಬೇಕು ಎಂದು ಮೂವರೂ ಅಂದುಕೊಂಡಿದ್ದರು. ತಂಗಿ ಹೆಗಲ ಚೀಲ ಇಳಿಸದೆ ಹೊಸ್ತಿಲಲ್ಲಿ ನಿಂತು ಅಕ್ಕನನ್ನು ನೋಡಿದಳು. ಅಕ್ಕನೂ ಅವಳನ್ನೇ ನೋಡುತ್ತಿದ್ದಳು. ಅಕ್ಕನ ತುಟಿಯ ಒಂದು ಮೂಲೆ ಸ್ವಲ್ಪ ಕೆಳಗಿಳಿದಿತ್ತು. ಬಾಯಿ ನೋಡುವುದೇ ತಂಗಿಯ ಕಸುಬು, ಹಾಗಾಗಿ ಅದು ಅವಳ ಕಣ್ಣಿಗೆ ಬಿತ್ತು. ‘ಆ ಕಡೆ ದವಡೆ ಹಲ್ಲು ಹಾಳಾಗಿದೆ, ನಾಳೆ ಡಾಕ್ಟರ ಹತ್ತಿರ ಕರೆದೊಯ್ಯಬೇಕು’ ಎಂದುಕೊಂಡಳು. ಅಂದುಕೊಂಡು ಅಲ್ಲೇ ಕಾದಳು. ಎಷ್ಟು ಹೊತ್ತೋ, ಬೆಳಕಿದ್ದ ಕಿಟಕಿ ಮಬ್ಬಾಗುವಷ್ಟು ಹೊತ್ತು. ಕೊನೆಗೆ ಅಕ್ಕನ ಬಲಗೈ ಮೇಜಿನಿಂದ ಜಾರಿ ಕೆಳಗೆ ಬಿತ್ತು, ಅದರ ಹಿಂದೆಯೇ ಅಕ್ಕ ವಾಲಿದಳು.

ಆಸ್ಪತ್ರೆಯ ಡಾಕ್ಟರು ಪಾರ್ಶ್ವವಾಯು ಎಂದರು. ಬೇಗ ಕರೆತಂದಿದ್ದರೆ ಕೊಡುವ ಇಂಜೆಕ್ಷನ್ ಒಂದಿತ್ತು, ಅದರ ಹೊತ್ತು ಮೀರಿದೆ ಎಂದರು. “ಶುರುವಾದಾಗ ಯಾರಾದ್ರೂ ನೋಡಿದ್ರಾ?” ಎಂದು ಕೇಳಿದರು. ಜಡ್ಜ್ ಸಾಹೇಬರು ತಲೆ ತಗ್ಗಿಸಿದರು. “ನಾನು ಮನೆಗೆ ಬರೋ ಹೊತ್ತಿಗೇ ಹಾಗಿದ್ದಳು,” ಎಂದಳು ತಂಗಿ. ಅದು ಸುಳ್ಳೇನೂ ಅಲ್ಲ. ಆದರೆ ಬಂದ ಮೇಲೆ ಎಷ್ಟು ಹೊತ್ತು ನಿಂತಿದ್ದಳೆಂದು ಅವಳು ಹೇಳಲಿಲ್ಲ, ತುಟಿಯ ಮೂಲೆಯ ಮಾತಂತೂ ಎತ್ತಲೇ ಇಲ್ಲ. ಅಲ್ಲಿಂದಾಚೆ ಅದು ಅವಳಿಗೆ ನುಂಗಲಾರದ ಉಗುಳಲಾರದ ಬಿಸಿ ತುಪ್ಪವಾಯಿತು.

ಅಕ್ಕ ಗಾಲಿಕುರ್ಚಿಯಲ್ಲಿ ಮನೆಗೆ ಬಂದಳು. ಬಲಗೈ ಬಲಗಾಲು ಸತ್ತಂತಿದ್ದವು. ಅದನ್ನಾದರೂ ತಡೆದುಕೊಳ್ಳಬಹುದಿತ್ತು, ಮಾತೇ ಇರಲಿಲ್ಲ. ನೀರು ಎನ್ನಲು ಬಾರದು, ಬೇಡ ಎನ್ನಲು ಬಾರದು. ಹೂಂ ಇಲ್ಲ, ಊಹೂಂ ಇಲ್ಲ. ಕಣ್ಣು ತೆರೆದಿರುತ್ತಿತ್ತು, ಆ ಕಣ್ಣಿನ ಹಿಂದೆ ಯಾರಿದ್ದಾರೆಂದು ಹೇಳುವವರಿರಲಿಲ್ಲ. ತಂಗಿ ಲ್ಯಾಬಿಗೆ ರಜೆ ಹಾಕಿ ಊಟ ಮಾಡಿಸಿದಳು, ಮೈ ತೊಳೆದಳು, ಹಾಸಿಗೆಯಲ್ಲಿ ಮಗ್ಗುಲು ಹೊರಳಿಸಿದಳು. ಮಾಡುತ್ತ ಮಾಡುತ್ತ ಮಾತಾಡಿದಳು. ಲ್ಯಾಬಿನ ಸುದ್ದಿ, ಬೀದಿಯ ಸುದ್ದಿ, ಹಲ್ಲಿನ ಸೆಟ್ಟು ಕಚ್ಚಿಕೊಂಡೇ ನಿದ್ದೆಹೋಗಿ ಅದನ್ನು ಮುರಿದುಕೊಂಡ ಮುದುಕನ ಸುದ್ದಿ. ಅಕ್ಕ ಗೋಡೆ ನೋಡುತ್ತಿದ್ದಳು.

ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಬೇಕಿತ್ತು. ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆಲು, ಕೆಲಸ ಬಿಗಿ. ಅಂಕಿ ಎಣಿಸಿ ತೋರಿಸಿದಳು, ವಾರದ ದಿನ ಹೇಳಿ ತೋರಿಸಿದಳು, ಚಿತ್ರ ಹಿಡಿದಳು. ಏನೂ ಬರಲಿಲ್ಲ. “ಮೊದಲ ಅಕ್ಷರ ನೀವು ಹೇಳಿಕೊಡಿ ಮೇಡಂ, ‘ನೀ’ ಅಂತ ಶುರುಮಾಡಿ, ಅವರು ‘ರು’ ಅಂತ ಮುಗಿಸಬಹುದು,” ಎಂದು ತಂಗಿಗೆ ಹೇಳಿದಳು. ಎತ್ತಿಕೊಡುವುದೆಂದರೆ ಆ ಮನೆಯಲ್ಲಿ ಕಳ್ಳತನಕ್ಕೆ ಸಮ. ಆದರೂ ಹಲ್ಲು ಕಚ್ಚಿಕೊಂಡು ತಂಗಿ ಮಾಡಿದಳು. ಅವಳು ‘ನೀ’ ಎಂದಾಗಲೆಲ್ಲ ಅಕ್ಕ ಮುಖ ತಿರುಗಿಸುತ್ತಿದ್ದಳು. ಸಿಟ್ಟಿನಿಂದಲೋ ಬರಿದೇ ಕುತ್ತಿಗೆ ಸೋತಿದ್ದರಿಂದಲೋ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಂಗಿ ಅಕ್ಕನ ತಲೆ ಬಾಚುತ್ತಿದ್ದಳು. ಸಿಕ್ಕು ಬಿಡಿಸುತ್ತ ಬಿಡಿಸುತ್ತ, ತನಗೇ ಗೊತ್ತಿಲ್ಲದಂತೆ, ಇಷ್ಟು ವರ್ಷ ಗೋಡೆಯಾಚೆಯಿಂದ ಕಿವಿಗೆ ಬಿದ್ದದ್ದನ್ನು ಗುನುಗಿದಳು. “ಕ ಜ ಫ್ಯೂಸ್…”

“ಕ ತ್ಯು ಫ್ಯೂಸ್,” ಎಂದಳು ಅಕ್ಕ.

ತಂಗಿಯ ಕೈಯಿಂದ ಬಾಚಣಿಗೆ ಬಿತ್ತು. ಅಕ್ಕನ ದನಿ! ಗೊಗ್ಗರಾಗಿತ್ತು, ಆದರೆ ಅಕ್ಕನದೇ. ಮತ್ತೆ ಶುರುಮಾಡಿದಳು, ಅಕ್ಕ ಮತ್ತೆ ಮುಂದುವರಿಸಿದಳು. ಅವನು, ನಾವು, ನೀವು, ಅವರು, ಎಲ್ಲವೂ ಒಂದರ ಹಿಂದೆ ಒಂದು, ತಡೆಯಿಲ್ಲದೆ ಬಂದವು. ತಂಗಿ ಅಕ್ಕನ ಕೊರಳು ತಬ್ಬಿಕೊಂಡು ಮಗುವಿನ ಹಾಗೆ ಅತ್ತಳು. “ಅಕ್ಕ, ನೀರು ಬೇಕಾ? ನೀರು ಅನ್ನು. ನನ್ನ ಹೆಸರು ಹೇಳು,” ಎಂದು ಬೇಡಿಕೊಂಡಳು. ಅಕ್ಕ ಗೋಡೆ ನೋಡಿದಳು.

ಅಣ್ಣನನ್ನು ಕರೆಸಿ ಕೇಳಿಸಿದಳು. ಅವನು ಬಾಗಿ, ಮೊಣಕಾಲ ಮೇಲೆ ಕೈಯಿಟ್ಟು, ಸದ್ದು ಮಾಡುವ ಯಂತ್ರ ಕೇಳುವಂತೆ ಕೇಳಿದ. ಅವನ ಕಣ್ಣಲ್ಲೂ ನೀರು ಬಂತು. ಆದರೆ ಥೆರಪಿಸ್ಟ್ ಇಬ್ಬರನ್ನೂ ಕೂರಿಸಿ ಮೆಲ್ಲಗೆ ಹೇಳಿದಳು. “ಹೀಗೆ ಆಗೋದುಂಟು. ತುಂಬಾ ಸಲ ಹೇಳಿದ್ದು, ಹಾಡಿದ್ದು, ಬಯ್ದಿದ್ದು, ಇಂಥದ್ದೆಲ್ಲ ಬೇರೆ ದಾರೀಲಿ ಬರುತ್ತೆ. ಇದು ಬಾಯಿಪಾಠ. ಅವರು ಯೋಚನೆ ಮಾಡಿ ಹೇಳ್ತಿದ್ದಾರೆ ಅಂತ ಹೇಳೋಕಾಗಲ್ಲ. ನನಗೆ ಬೇಕಾಗಿರೋದು ಕೇಳಿದ್ದಕ್ಕೆ ಒಂದು ಉತ್ತರ. ಹೌದೋ ಅಲ್ಲವೋ, ಒಂದು. ತಿಂಗಳ ಕೊನೆಗೆ ಮತ್ತೆ ನೋಡ್ತೀನಿ. ಅಷ್ಟರಲ್ಲಿ ಅದೂ ಬರದಿದ್ರೆ…” ಮಾತು ಅಲ್ಲಿಗೇ ನಿಲ್ಲಿಸಿದಳು. ಬೇರೆಯವರು ಸಾಲಿನಲ್ಲಿ ಕಾಯುತ್ತಿದ್ದಾರೆ, ಈ ಜಾಗ ಅವರಿಗೆ ಹೋಗುತ್ತದೆ ಎಂಬುದು ಇಬ್ಬರಿಗೂ ತಿಳಿಯಿತು.

ದಾರಿಯಲ್ಲಿ ಅಣ್ಣ ಹೇಳಿಯೇ ಬಿಟ್ಟ. “ಒಂದು ಆರೈಕೆ ಕೇಂದ್ರ ನೋಡಿದ್ದೀನಿ. ಚೊಕ್ಕಟವಾಗಿದೆ. ಹೊತ್ತು ಹೊತ್ತಿಗೆ ಮಗ್ಗುಲು ಬದಲಾಯಿಸ್ತಾರೆ.”

“ಅಕ್ಕನ್ನ ಅಲ್ಲಿ ಬಿಡೋದಾ?”

“ನಿನ್ನ ರಜೆ ಇನ್ನೆಷ್ಟು ದಿನ ನಡೆಯುತ್ತೆ? ನೀನು ಕೆಲಸಕ್ಕೆ ಹೋದ್ಮೇಲೆ ಇವಳು ಗೋಡೆ ನೋಡ್ಕೊಂಡು ಒಬ್ಬಳೇ ಕೂತಿರಬೇಕಾ? ಅಕ್ಕ ಇದ್ದಿದ್ರೆ ನಾನು ಹೀಗೆ ಹೇಳ್ತಿದ್ನಾ? ಅಕ್ಕ ಹೋದಳು ಕಣೇ. ಇದು ಗಿಳಿಪಾಠ. ಗಿಳಿಗೆ ಎಲ್ಲಿದ್ದರೇನು?”

ಅವನು ಅದನ್ನು ಅಳುತ್ತಲೇ ಹೇಳಿದ, ಆದ್ದರಿಂದ ತಂಗಿಗೆ ಜಗಳ ಮಾಡಲಾಗಲಿಲ್ಲ. ಅಕ್ಕ ಒಳಗಿದ್ದಾಳೋ ಇಲ್ಲವೋ, ಇದೊಂದೇ ಪ್ರಶ್ನೆ ಅವಳ ತಲೆ ತಿನ್ನತೊಡಗಿತು. ಇದ್ದಾಳೆ ಎಂದಾದರೆ ಆ ಕೇಂದ್ರಕ್ಕೆ ಕಳಿಸುವುದು ಬದುಕಿದ್ದವಳನ್ನು ಹೂತಂತೆ. ಇಲ್ಲವೆಂದಾದರೆ ತಾನು ತಲೆ ಬಾಚುತ್ತಿರುವುದು ಯಾರದ್ದು?

ತಿಂಗಳು ಮುಗಿಯುವ ಮುನ್ನ ಅವಳು ಆ ಮೂವರಿಗೂ ಹೇಳಿಕಳಿಸಿದಳು. ಒಂದು ಸಲ ಬನ್ನಿ, ಮೊದಲಿನ ಹಾಗೆ ಮೇಜಿನ ಸುತ್ತ ಕೂರೋಣ, ಮತ್ತೇನೂ ಬೇಡ ಎಂದು. ಬರಲು ಅವರಿಗೂ ಭಯವಿತ್ತು, ಬಾರದಿರಲು ಅದಕ್ಕಿಂತ ಹೆಚ್ಚು ಭಯವಿತ್ತು. ಏಜೆಂಟ್ ಒಂದು ಚಿಕ್ಕ ಸೆಂಟಿನ ಬಾಟಲಿ ತಂದು ಅಕ್ಕನ ಎಡ ಮಣಿಕಟ್ಟಿಗೆ ಸವರಿದ. ರಿಸೆಪ್ಷನಿಸ್ಟ್ ಅಕ್ಕನ ಎದುರು ನಿಂತು “ಬೋಂಜೂರ್ ಮದಾಮ್” ಎಂದು ಹೋಟೆಲಿನಲ್ಲಿ ನಗುವಂತೆ ನಗಲು ಹೋಗಿ ಸೆರಗಿಗೆ ಕಣ್ಣೊರೆಸಿಕೊಂಡಳು. ಅಣ್ಣನೂ ಬಂದಿದ್ದ. ಹಲಗೆಗೆ ಒರಗಿ, ಕೈಕಟ್ಟಿ ನಿಂತಿದ್ದ.

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಪ್ಪಣೆಯಾದ್ರೆ ನಾನು ಶುರುಮಾಡ್ತೀನಿ ಮದಾಮ್,” ಎಂದರು. ಅಪ್ಪಣೆ ಬರಲಿಲ್ಲ. “ಕ ಜ ಫ್ಯೂಸ್,” ಎಂದರು. ಏಜೆಂಟ್, “ಕ ತ್ಯು ಫ್ಯೂಸ್.” ರಿಸೆಪ್ಷನಿಸ್ಟ್ ಅಳುತ್ತಲೇ ತನ್ನದು ಹೇಳಿದಳು. ಮುಂದಿನದು ಅಕ್ಕನ ಸರದಿ.

ಅಕ್ಕ ಹೇಳಲಿಲ್ಲ.

ಮೂವರೂ ಅಭ್ಯಾಸಬಲದಿಂದ ಕೈ ನೋಡುತ್ತ ಕೂತರು. ಆಮೇಲೆ ಆ ಸಂಜೆಯ ನೆನಪಾಗಿ ಮೂವರೂ ಒಮ್ಮೆಗೇ ತಲೆಯೆತ್ತಿದರು. ಜಡ್ಜ್ ಸಾಹೇಬರ ಕುರ್ಚಿ ಹಿಂದಕ್ಕೆ ಸರಿದು ಕಿರುಗುಟ್ಟಿತು. ತಂಗಿ ಓಡಿಬಂದು ಅಕ್ಕನ ತುಟಿ ನೋಡಿದಳು, ಎಡಗೈ ಹಿಡಿದು ನೋಡಿದಳು. ತುಟಿ ಇದ್ದಲ್ಲೇ ಇತ್ತು, ಕೈ ಬಿಸಿಯಾಗಿ ಗಟ್ಟಿಯಾಗಿತ್ತು.

“ಇದೂ ಹೋಯಿತು,” ಎಂದ ಅಣ್ಣ. “ಸಾಕು, ಬಿಡಿ. ಅವಳಿಗೆ ಯಾಕೆ ಹಿಂಸೆ.”

ಆದರೆ ಅಕ್ಕ ಗೋಡೆ ನೋಡುತ್ತಿರಲಿಲ್ಲ. ಅವಳ ಕಣ್ಣು ಪಕ್ಕದಲ್ಲಿದ್ದ ರಿಸೆಪ್ಷನಿಸ್ಟಿನ ಮೇಲೆ ನೆಟ್ಟಿತ್ತು. ಆ ನೋಟ ಮೇಜಿನ ಸುತ್ತ ಕೂತಿದ್ದವರಿಗೆಲ್ಲ ಗೊತ್ತು. ಅದರಲ್ಲಿ ಸಿಟ್ಟಿಲ್ಲ, ಅವಸರವಿಲ್ಲ, ಆದರೆ ಅದರಿಂದ ತಪ್ಪಿಸಿಕೊಂಡು ಹೋದವರೂ ಇಲ್ಲ. ಆ ಹೆಂಗಸು ಮೊದಲು ಕೆಂಪಾದಳು, ಆಮೇಲೆ ಬಿಳಿಚಿಕೊಂಡಳು.

“ಅಯ್ಯೋ,” ಎಂದಳು. “ತಪ್ಪು ನನ್ನದು. ಕಿಲ್ ಫ್ಯೂಸ್ ಅಂದುಬಿಟ್ಟೆ.” ನುಂಗಬೇಕಾದ ಕೊನೆಯ ‘ಸ್’ ಎಂಬ ಬಾಲವನ್ನು ಅಳುವಿನ ಭರದಲ್ಲಿ ನುಂಗದೆ ಹೇಳಿದ್ದಳು. ಉಸಿರೆಳೆದುಕೊಂಡು, “ಕಿಲ್ ಫ್ಯೂ,” ಎಂದಳು.

“ಕ ನೂ ಫ್ಯೂಸಿಯೋ,” ಎಂದಳು ಅಕ್ಕ ತಕ್ಷಣ.

ಗಿಳಿಯಾಗಿದ್ದರೆ ತಪ್ಪಿನ ಮೇಲೆಯೇ ಹಾದು ಮುಂದೆ ಹೋಗುತ್ತಿತ್ತು. ಗಿಳಿಗೆ ಇನ್ನೊಬ್ಬರ ತಪ್ಪು ಕಟ್ಟಿಕೊಂಡು ಏನಾಗಬೇಕು? ಕಾದವಳು ಅಕ್ಕ. ಅಣ್ಣ ಹಲಗೆ ಬಿಟ್ಟು ಮುಂದೆ ಬಂದ. ಜಡ್ಜ್ ಸಾಹೇಬರು ಕನ್ನಡಕ ಹುಡುಕುತ್ತ ಮೇಜೆಲ್ಲ ತಡವಿದರು, ಅದು ಅವರ ಮುಂದೆಯೇ ಇತ್ತು. ಏಜೆಂಟ್ ಮಾತ್ರ “ಇದ್ದಾರೆ! ಮದಾಮ್ ಇದ್ದಾರೆ!” ಎಂದು ಬೀದಿಗೆ ಕೇಳುವಂತೆ ಕೂಗಿದ.

ತಂಗಿಯೂ ಎಲ್ಲರ ಜೊತೆ ನಕ್ಕಳು, ಅತ್ತಳು, ಚಹಾ ಮಾಡಲು ಅಡುಗೆಮನೆಗೆ ಹೋದಳು. ಒಲೆ ಹೊತ್ತಿಸಿ ನಿಂತಾಗ ಅವಳಿಗೆ ಹೊಳೆಯಿತು. ಅಕ್ಕ ಈಗ ಒಳಗಿದ್ದಾಳೆ ಎಂದರೆ ಆ ಸಂಜೆಯೂ ಇದ್ದಳು. ಮಾತು ಹೊರಡದೆ, ಕೈ ಏಳದೆ, ಒಳಗೇ ಕೂಗುತ್ತ, ಹೊಸ್ತಿಲಲ್ಲಿ ಚೀಲ ಹಿಡಿದು ನಿಂತ ತಂಗಿಯನ್ನು ನೋಡುತ್ತಿದ್ದಳು. ತಂಗಿ ಅವಳ ದವಡೆ ಹಲ್ಲಿನ ಯೋಚನೆ ಮಾಡುತ್ತಿದ್ದಳು. ನೀರು ಕುದಿದು ಉಕ್ಕಿ ಒಲೆ ಆರಿತು. ಅವಳಿಗೆ ಗೊತ್ತಾಗಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಅಕ್ಕನ ಕುರ್ಚಿಯ ಮುಂದೆ ನೆಲದ ಮೇಲೆ ಕೂತಳು. ಹೊರಗಿನ್ನೂ ಬೆಳಕಿತ್ತು. ಕೇಳದೆ ಇರಬಹುದಿತ್ತು. ಅಕ್ಕನಿಗೆ ಹೇಗೂ ಮಾತಿಲ್ಲ, ತನ್ನನ್ನು ಯಾರು ಕೇಳುತ್ತಾರೆ? ಬಾಯಿಬಿಟ್ಟರೆ ಬಣ್ಣಗೇಡು. ಆದರೆ ಇನ್ನು ಮುಂದೆ ದಿನಾ ಈ ಕಣ್ಣುಗಳ ಮುಂದೆ ಅನ್ನ ಕಲಸಬೇಕು, ತುತ್ತು ಎತ್ತಬೇಕು.

“ಅಕ್ಕ,” ಎಂದಳು. “ಅವತ್ತು ನಾನು ಬಾಗಿಲಲ್ಲಿ ನಿಂತು ಸುಮ್ನೆ ನೋಡ್ತಿದ್ನಲ್ಲ. ನಿನಗೆ ಕಾಣ್ತಿತ್ತಾ?”

ಅಕ್ಕ ಅವಳನ್ನು ನೋಡಿದಳು. ಕೊರಳ ನರ ಉಬ್ಬಿತು, ತುಟಿ ಒಂದು ಸಲ ಸುಮ್ಮನೆ ತೆರೆದು ಮುಚ್ಚಿತು. ತಂಗಿ ಎತ್ತಿಕೊಡಲಿಲ್ಲ. ತನ್ನ ಕೈಗಳನ್ನೇ ನೋಡುತ್ತ ಕೂತಳು.

“ಹೌದು,” ಎಂದಳು ಅಕ್ಕ.

ಇಷ್ಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಇದೇ ಒಂದು ಮಾತಿಗೆ. ಅದು ಬಂದದ್ದು ಹೀಗೆ. ತಂಗಿಗೆ ಕುಣಿಯಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇನ್ನೊಂದು ಕೇಳಿದಳು. “ನನ್ನ ಮೇಲೆ ಕೋಪ ಇದೆಯಾ?”

ಈ ಸಲ ಇನ್ನೂ ಹೆಚ್ಚು ಹೊತ್ತು ಹಿಡಿಯಿತು.

“ಇದೆ,” ಎಂದಳು ಅಕ್ಕ.

ಮರುದಿನವೇ ಆಸ್ಪತ್ರೆಗೆ ಹೋದರು. ಕುರ್ಚಿ ತಳ್ಳಿದ್ದು ಅಣ್ಣ. ಅವನಿಗೆ ತಂಗಿ ಹೇಳಿದ್ದು ಇಷ್ಟೇ, ಅಕ್ಕ ಉತ್ತರ ಕೊಟ್ಟಳು ಎಂದು. ಅವನು ಮೆಟ್ಟಿಲ ಬಳಿ ಕಾವಲುಗಾರನಿಗೂ ಅದನ್ನು ಹೇಳಿ ಬಂದಿದ್ದ. ಥೆರಪಿಸ್ಟ್ ಸರಪಳಿಯ ಸಂಗತಿಯನ್ನೆಲ್ಲ ಗಮನವಿಟ್ಟು ಕೇಳಿದಳು, ಖುಷಿಪಟ್ಟಳು, ಆದರೂ ಪೆನ್ನು ಕೆಳಗಿಡಲಿಲ್ಲ. ಅಕ್ಕನ ಕಡೆ ತಿರುಗಿ ತಾನೇ ಒಂದೆರಡು ಕೇಳಿದಳು, ಇದು ಪೆನ್ನಾ, ಇದು ಗಡಿಯಾರಾನಾ ಎಂದು. ಅಕ್ಕ ಬೆಪ್ಪುತಕ್ಕಡಿಯನ್ನು ನೋಡುವಂತೆ ಅವಳನ್ನು ನೋಡಿದಳು, ಉತ್ತರ ಕೊಡಲಿಲ್ಲ.

“ಮನೇಲಿ ಏನು ಕೇಳಿದ್ರಿ ಮೇಡಂ?” ಎಂದಳು ಥೆರಪಿಸ್ಟ್. “ಸರಿಯಾಗಿ ಅದೇ ಮಾತಲ್ಲಿ ಹೇಳಿ. ‘ಊಟ ಬೇಕಾ’ ಅಂಥದ್ದಾದ್ರೆ ಅಂದಾಜಿನ ಮೇಲೂ ಬಂದಿರಬಹುದು. ಅದನ್ನ ನಾನು ಲೆಕ್ಕಕ್ಕೆ ಹಿಡಿಯೋಕಾಗಲ್ಲ.”

ತಂಗಿ ಅಣ್ಣನನ್ನು ನೋಡಿದಳು. ಚಹಾ ಬೇಕಾ ಎಂದು ಕೇಳಿದೆ ಎಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಅಕ್ಕ ಆ ಚೊಕ್ಕಟ ಕೇಂದ್ರಕ್ಕೆ ಹೋಗುತ್ತಾಳೆ. ಅಕ್ಕನ ಕಡೆ ತಿರುಗಿದಳು. ಅಕ್ಕ ಅವಳನ್ನೇ ನೋಡುತ್ತ ಕಾಯುತ್ತಿದ್ದಳು.

“ಅವತ್ತು ನಾನು ಬಾಗಿಲಲ್ಲಿ ನಿಂತು ಸುಮ್ನೆ ನೋಡ್ತಿದ್ದೆ,” ಎಂದಳು ತಂಗಿ. “ತುಟಿ ಇಳಿದಿದ್ದೂ ನೋಡಿದ್ದೆ. ಹಲ್ಲುನೋವು ಅಂದ್ಕೊಂಡೆ. ಕತ್ತಲಾಗೋವರೆಗೂ ಹಾಗೇ ನಿಂತಿದ್ದೆ. ಅದು ನಿನಗೆ ಕಾಣ್ತಿತ್ತಾ ಅಂತ ಕೇಳಿದೆ. ಹೌದು ಅಂದಳು. ನನ್ನ ಮೇಲೆ ಕೋಪ ಇದೆಯಾ ಅಂದೆ. ಇದೆ ಅಂದಳು.”

ಥೆರಪಿಸ್ಟಿನ ಪೆನ್ನು ನಿಂತಿತು. ಅಣ್ಣನ ಕೈ ಕುರ್ಚಿಯ ಹಿಡಿಯಿಂದ ಕೆಳಗೆ ಬಿತ್ತು. ಅವನ ಮುಖ ನೋಡಲು ತಂಗಿಗೆ ಧೈರ್ಯವಾಗಲಿಲ್ಲ, ನೆಲದ ಹಾಸುಗಲ್ಲು ನೋಡುತ್ತ ಕೂತಳು. ಬಯ್ಯುತ್ತಾನೆ ಎಂದುಕೊಂಡಳು, ಬಯ್ದರೆ ಒಳ್ಳೆಯದು ಎಂದೂ ಅಂದುಕೊಂಡಳು. ಅವನು ಬಯ್ಯಲಿಲ್ಲ. ಕುರ್ಚಿಯ ಹಿಂದಿನಿಂದ ಮುಂದೆ ಬಂದು ಅಕ್ಕನ ಎದುರು ಮಂಡಿಯೂರಿ ಕೂತ. ಪಾರ್ಶ್ವವಾಯು ಬಡಿದ ಮೇಲೆ ಅವನು ಅಕ್ಕನ ಬಗ್ಗೆ ಬಹಳ ಮಾತಾಡಿದ್ದ, ಅಕ್ಕನ ಜೊತೆ ಮಾತಾಡಿದ್ದು ಅದೇ ಮೊದಲು.

“ಅಕ್ಕ, ಕೇಳಿಸ್ಕೊಂಡೆಯಲ್ಲ. ನಿನಗಾಗಿ ನಾನು ಬೇರೆ ಜಾಗ ನೋಡಿದ್ದೀನಿ. ಒಳ್ಳೆ ಜಾಗ. ಹೋಗು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಇಷ್ಟೆಲ್ಲ ಆದ್ಮೇಲೂ ಇವಳ ಹತ್ರಾನೇ ಇರ್ತೀಯಾ?”

ಅಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು, ಎಡಗೈ ಮಡಿಲ ಬಟ್ಟೆಯನ್ನು ಹಿಂಡಿತು. ಥೆರಪಿಸ್ಟ್ ಮುಂದೆ ಬಾಗಿ ‘ಹೌ’ ಎಂದು ಎತ್ತಿಕೊಡಲು ತುಟಿ ಅರಳಿಸಿದಳು. ಅಣ್ಣ ತಿರುಗಿ ನೋಡದೆಯೇ ಕೈಯೆತ್ತಿ ಅವಳನ್ನು ತಡೆದ.

“ಇರ್ತೀನಿ,” ಎಂದಳು ಅಕ್ಕ.

ತಂಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಥೆರಪಿಸ್ಟ್ ಆ ಮಾತನ್ನು ಬರೆದುಕೊಂಡು, ಮುಂದಿನ ವಾರ ಇದೇ ಹೊತ್ತಿಗೆ ಕರೆದುಕೊಂಡು ಬನ್ನಿ ಎಂದಳು.